ಅಪ್ಪನ ಸಿಗರೇಟು ಮಗನಿಗೂ ಬಂದೀತೆ?

ಧೂಮಪಾನಕ್ಕೂ ವಂಶವಾಹಿಗಳಿಗೂ ಇರುವ ನಂಟಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ. ಔಷಧಗಳ ಪ್ರಮಾಣ ಕೊಟ್ಟಿರುವಲ್ಲೆಲ್ಲ ಅದು ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ. ಹೃದ್ರೋಗ, ಮೂತ್ರಪಿಂಡದ ತೊಂದರೆ, ಮೂರ್ಛೆರೋಗ ಇದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವುದನ್ನೂ ಶುರುಮಾಡಬಾರದು.

ಪ್ರಶ್ನೆ: ನಮ್ಮ ತಾತ, ತಂದೆ, ಇಬ್ಬರು ಚಿಕ್ಕಪ್ಪಂದಿರು ಎಲ್ಲರೂ ಸಿಗರೇಟು ಸೇದುವವರೇ. ನನಗೂ ಕಾಲೇಜಿನಿಂದ ಈ ಚಟ ಇದೆ. ‘ಇದು ನಮ್ಮ ರಕ್ತದಲ್ಲೇ ಬಂದದ್ದು, ಬಿಡೋಕಾಗಲ್ಲ’ ಅನ್ನುತ್ತಾರೆ ಮನೆಯವರು. ನಿಜವೇ?

ಉತ್ತರ: ‘ರಕ್ತದಲ್ಲಿ ಬಂದದ್ದು’ ಎನ್ನುವುದರಲ್ಲಿ ಅರ್ಧ ಸತ್ಯವಿದೆ. ‘ಬಿಡೋಕಾಗಲ್ಲ’ ಎನ್ನುವುದರಲ್ಲಿ ಸತ್ಯವಿಲ್ಲ.

ಇದನ್ನು ಅಳೆಯುವ ಹಳೆಯ ದಾರಿ ಅವಳಿಗಳ ಅಧ್ಯಯನ. ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಉಳಿದ ಅವಳಿಗಳಲ್ಲಿ ಒಡಹುಟ್ಟಿದವರಲ್ಲಿ ಇರುವಷ್ಟೇ ಹೋಲಿಕೆ. ಒಬ್ಬರು ಸೇದಿದರೆ ಇನ್ನೊಬ್ಬರೂ ಸೇದುವ ಸಾಧ್ಯತೆ ಮೊದಲ ಗುಂಪಿನಲ್ಲಿ ಎಷ್ಟು ಹೆಚ್ಚು ಎಂದು ನೋಡಿದರೆ ಆನುವಂಶಿಕತೆಯ ಪಾಲು ತಿಳಿಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟರೆ ಆ ಪಾಲು ಸುಮಾರು ಅರ್ಧದಷ್ಟು ಬರುತ್ತದೆ. ಆದರೆ ಈ ‘ಅರ್ಧ’ವನ್ನು ತಪ್ಪಾಗಿ ಓದುವವರೇ ಹೆಚ್ಚು. ನಿಮ್ಮ ಚಟದಲ್ಲಿ ಅರ್ಧ ತಂದೆಯಿಂದ, ಅರ್ಧ ಗೆಳೆಯರಿಂದ ಬಂತು ಎಂದು ಇದರ ಅರ್ಥವಲ್ಲ. ಒಂದು ಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಭಾಗವನ್ನು ವಂಶವಾಹಿಗಳು ವಿವರಿಸುತ್ತವೆ ಎಂಬುದಷ್ಟೇ ಆ ಲೆಕ್ಕ.

ಆ ಲೆಕ್ಕವೂ ಕಾಲ ಬದಲಾದಂತೆ ಬದಲಾಗುತ್ತದೆ. ಸ್ವೀಡನ್ನಿನ ಅವಳಿಗಳ ಮೇಲೆ 2000ದಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. ಗಂಡಸರಲ್ಲಿ ಆನುವಂಶಿಕ ಪಾಲು ಎಲ್ಲ ತಲೆಮಾರುಗಳಲ್ಲೂ ಶೇ 60ರ ಆಸುಪಾಸು. ಹೆಂಗಸರಲ್ಲಿ ಹಳೆಯ ತಲೆಮಾರಿನವರಿಗೆ ಆ ಪಾಲು ಕಂಡೇ ಇಲ್ಲ ಎನ್ನಬಹುದು; 1940ರ ನಂತರ ಹುಟ್ಟಿದವರಲ್ಲಿ ಅದು ಗಂಡಸರ ಮಟ್ಟಕ್ಕೆ ಏರಿತ್ತು. ಒಂದೆರಡು ತಲೆಮಾರಿನಲ್ಲಿ ಯಾರ ವಂಶವಾಹಿಯೂ ಬದಲಾಗುವುದಿಲ್ಲ. ಹೆಣ್ಣುಮಕ್ಕಳು ಸೇದಬಾರದು ಎಂಬ ಸಾಮಾಜಿಕ ತಡೆ ಸಡಿಲವಾಯಿತು, ಅಷ್ಟೆ. ಸಿಗರೇಟು ಕೈಗೆ ಸಿಗದ ಕಡೆ, ಸೇದುವುದಕ್ಕೆ ಅವಕಾಶವಿಲ್ಲದ ಕಡೆ ಎಂಥ ವಂಶವಾಹಿಯೂ ಸುಮ್ಮನಿರುತ್ತದೆ. ನಿಮ್ಮ ಮನೆಯಲ್ಲಿ ವಂಶವಾಹಿ, ಕೈಗೆಟಕುವ ಪ್ಯಾಕು, ಎದುರಿಗೆ ಸೇದುವ ಹಿರಿಯರು ಮೂರೂ ಒಟ್ಟಿಗಿದ್ದವು. ಬದಲಾಯಿಸಲಾಗದ್ದು ಅವುಗಳಲ್ಲಿ ಒಂದೇ.

ಪ್ರಶ್ನೆ: ನಾನೂ ತಮ್ಮನೂ ಒಂದೇ ವರ್ಷ ಸೇದಲು ಶುರುಮಾಡಿದೆವು. ನನಗೆ ದಿನಕ್ಕೆ ಮೂರು ಸಾಕು, ಬೇಡವೆಂದರೆ ಒಂದು ವಾರ ಬಿಟ್ಟೂ ಇರಬಲ್ಲೆ. ಅವನಿಗೆ ಇಪ್ಪತ್ತೈದಾದರೂ ಸಾಲದು. ಅವನಿಗೆ ಮನಸ್ಸು ಗಟ್ಟಿಯಿಲ್ಲವೆಂದು ಬೈದು ಬೈದು ಸಾಕಾಗಿದೆ.

ಉತ್ತರ: ಬೈಯುವುದನ್ನು ನಿಲ್ಲಿಸಿ. ಅಣ್ಣತಮ್ಮಂದಿರ ದೇಹದಲ್ಲೇ ಈ ವಿಷಯದಲ್ಲಿ ಎರಡು ದೊಡ್ಡ ವ್ಯತ್ಯಾಸ ಇರಬಹುದು: ಒಂದು ಮಿದುಳಿನಲ್ಲಿ, ಇನ್ನೊಂದು ಯಕೃತ್ತಿನಲ್ಲಿ.

ಮಿದುಳಿನದು ಮೊದಲು. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟಿ ಅಲ್ಲಿನ ನಿಕೋಟಿನ್ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಒಂದೊಂದು ಗ್ರಾಹಕವೂ ಐದು ಪ್ರೋಟೀನ್ ತುಣುಕುಗಳ ಜೋಡಣೆ. ಅವುಗಳಲ್ಲಿ ಆಲ್ಫಾ-5 ಎಂಬ ತುಣುಕನ್ನು ತಯಾರಿಸುವ ಸಿಎಚ್‌ಆರ್‌ಎನ್‌ಎ5 ವಂಶವಾಹಿ 15ನೇ ವರ್ಣತಂತುವಿನಲ್ಲಿದೆ. ಈ ಪ್ರೋಟೀನಿನ 398ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇರಬೇಕಾದಲ್ಲಿ ಕೆಲವರಿಗೆ ಆಸ್ಪರಾಜಿನ್ ಬಂದಿರುತ್ತದೆ. ಈ ಒಂದೇ ಬದಲಾವಣೆಯಿಂದ ಗ್ರಾಹಕದ ಪ್ರತಿಕ್ರಿಯೆ ಮಂಕಾಗುತ್ತದೆ. ‘ನಿಕೋಟಿನ್ ಹೆಚ್ಚಾಯಿತು, ಸಾಕು’ ಎಂಬ ಅಹಿತದ ಸೂಚನೆ ಕೊಡುವ ಹ್ಯಾಬೆನುಲಾ ಎಂಬ ಪುಟ್ಟ ಭಾಗದಲ್ಲಿ ಈ ತುಣುಕು ಹೇರಳ. ಆಲ್ಫಾ-5 ಇಲ್ಲದಂತೆ ಮಾಡಿದ ಇಲಿಗಳು, ಬೇರೆ ಇಲಿಗಳು ಹಿಂದೆ ಸರಿಯುವಷ್ಟು ಪ್ರಮಾಣದ ನಿಕೋಟಿನನ್ನೂ ಬಿಡದೆ ತೆಗೆದುಕೊಂಡಿದ್ದನ್ನು 2011ರಲ್ಲಿ ತೋರಿಸಲಾಯಿತು. ಮೊದಲ ಸಿಗರೇಟಿಗೆ ನಿಮಗೆ ತಲೆ ಸುತ್ತಿ ವಾಕರಿಕೆ ಬಂದು, ತಮ್ಮನಿಗೆ ಏನೂ ಆಗದೆ ಇದ್ದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಯಕೃತ್ತು. ಒಳಹೋದ ನಿಕೋಟಿನ್‌ನಲ್ಲಿ ಶೇ 70ರಿಂದ 80ರಷ್ಟನ್ನು ಕೋಟಿನಿನ್ ಆಗಿ ಮಾರ್ಪಡಿಸುವ ಕೆಲಸದಲ್ಲಿ ಮುಖ್ಯ ಪಾತ್ರ ಸಿವೈಪಿ2ಎ6 ಎಂಬ ಕಿಣ್ವದ್ದು. ಇದರ ವಂಶವಾಹಿ 19ನೇ ವರ್ಣತಂತುವಿನಲ್ಲಿದ್ದು, ಅದರ ರೂಪಗಳು ಹಲವು. ಕೆಲವರಲ್ಲಿ ಕಿಣ್ವ ಚುರುಕು, ಕೆಲವರಲ್ಲಿ ನಿಧಾನ, ಕೆಲವರಲ್ಲಿ ಆ ವಂಶವಾಹಿಯೇ ಇರುವುದಿಲ್ಲ. ಸಾಮಾನ್ಯವಾಗಿ ಎರಡು ಗಂಟೆಯಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ತಳದಲ್ಲಿ ತೂತಿರುವ ಕೊಡವನ್ನು ಎಷ್ಟು ಸಲ ತುಂಬಬೇಕೆಂಬುದು ತೂತಿನ ಗಾತ್ರದ ಮೇಲೆ ನಿಂತಿರುತ್ತದೆಯಲ್ಲ, ಹಾಗೆಯೇ ಇದು. ಕಿಣ್ವ ಚುರುಕಾಗಿರುವವರಿಗೆ ನಿಕೋಟಿನ್ ಬೇಗ ಖಾಲಿ, ತಲಬು ಬೇಗ, ಮುಂದಿನ ಸಿಗರೇಟೂ ಬೇಗ. ನಿಧಾನದವರು ಕಡಿಮೆ ಸೇದುತ್ತಾರೆ, ಬಿಡುವುದೂ ಅವರಿಗೆ ಸುಲಭ. ಈಸ್ಟ್ರೋಜನ್ ಈ ಕಿಣ್ವವನ್ನು ಚುರುಕುಗೊಳಿಸುವುದರಿಂದ ಸರಾಸರಿ ನೋಡಿದರೆ ಹೆಂಗಸರು ಗಂಡಸರಿಗಿಂತ ಬೇಗ ನಿಕೋಟಿನ್ ಕರಗಿಸುತ್ತಾರೆ.

ಇದೇ ಕಾರಣಕ್ಕೆ ‘ಇಪ್ಪತ್ತೈದರಿಂದ ಹತ್ತಕ್ಕೆ ಇಳಿಸಿದೆ’ ಎಂಬ ಸಮಾಧಾನವನ್ನೂ ಪರೀಕ್ಷಿಸಿ ನೋಡಬೇಕು. ಸಿಗರೇಟಿನ ಸಂಖ್ಯೆ ಇಳಿದಾಗ ದೇಹ ತನ್ನ ಪಾಲನ್ನು ಬೇರೆ ದಾರಿಯಲ್ಲಿ ವಸೂಲು ಮಾಡುತ್ತದೆ. ದಮ್ಮು ಉದ್ದವಾಗುತ್ತದೆ, ಹೊಗೆ ಹೆಚ್ಚು ಹೊತ್ತು ಒಳಗೆ ನಿಲ್ಲುತ್ತದೆ, ಫಿಲ್ಟರಿನ ಅಂಚಿನವರೆಗೆ ಸೇದುತ್ತಾರೆ. ‘ಲೈಟ್’ ಸಿಗರೇಟಿನಲ್ಲಿ ಆಗುವುದೂ ಇದೇ.

ಹಾಗೆಂದು ಎಲ್ಲವನ್ನೂ ಈ ಎರಡರ ತಲೆಗೆ ಕಟ್ಟುವಂತಿಲ್ಲ. ಆಲ್ಫಾ-5ರ ಮಂಕು ರೂಪದ ಒಂದು ಪ್ರತಿ ಇದ್ದರೆ ದಿನಕ್ಕೆ ಸರಾಸರಿ ಒಂದು ಸಿಗರೇಟು ಹೆಚ್ಚು, ಎರಡು ಪ್ರತಿ ಇದ್ದರೆ ಎರಡು ಹೆಚ್ಚು, ಅಷ್ಟೇ. 34 ಲಕ್ಷ ಜನರ ಡಿಎನ್‌ಎ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಂಬಾಕು ಮತ್ತು ಮದ್ಯದ ಬಳಕೆಗೆ ನಂಟಿರುವ ಸುಮಾರು 4,000 ವ್ಯತ್ಯಾಸಗಳು ಸಿಕ್ಕಿವೆ. ಬಹುಪಾಲು ವ್ಯತ್ಯಾಸಗಳ ಪರಿಣಾಮ ಬಿಡಿಯಾಗಿ ನೋಡಿದರೆ ತೀರ ಚಿಕ್ಕದು.

ಪ್ರಶ್ನೆ: ಹಾಗಾದರೆ ಬಿಡುವ ಮೊದಲು ಜೀನ್ ಟೆಸ್ಟ್ ಮಾಡಿಸಿ, ನನಗೆ ಹೊಂದುವ ಔಷಧ ಆರಿಸಿಕೊಳ್ಳಬಹುದಲ್ಲವೇ?

ಉತ್ತರ: ಬೇಡ. ಆ ಪರೀಕ್ಷೆಗಳ ಅಂಕ ಲೆಕ್ಕ ಹಾಕಲು ಬಳಸಿದ ಮಾಹಿತಿ ಬಹುಪಾಲು ಯುರೋಪ್ ಮೂಲದವರದು. ಬೇರೆ ಮೂಲದವರಲ್ಲಿ ಅದರ ಊಹೆ ಇನ್ನಷ್ಟು ದುರ್ಬಲ. ಅಲ್ಲದೆ ‘ನಿಮ್ಮ ಡಿಎನ್‌ಎಯಲ್ಲಿ ಅಪಾಯವಿದೆ’ ಎಂದು ತಿಳಿಸಿದ್ದರಿಂದ ಜನ ಸಿಗರೇಟು ಬಿಡುವುದು ಹೆಚ್ಚಿಲ್ಲ ಎಂದು 2016ರ ಒಂದು ದೊಡ್ಡ ಪರಾಮರ್ಶೆ ತೋರಿಸಿದೆ. ನಮ್ಮ ಹೆಚ್ಚಿನ ಭಯ ಇನ್ನೊಂದು ಕಡೆಯದು. ‘ಅಪಾಯ ಕಡಿಮೆ’ ಎಂಬ ವರದಿ ಕೈಗೆ ಬಂದರೆ ಸೇದುವುದಕ್ಕೆ ಒಂದು ನೆಪ ಸಿಕ್ಕಂತಾಗುತ್ತದೆ.

ಬೇಕಾದ ಮಾಹಿತಿ ನಿಮ್ಮ ಬೆಳಗಿನಲ್ಲೇ ಇದೆ. ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಹಚ್ಚುತ್ತೀರಿ? ವೈದ್ಯರು ಬಳಸುವ ಫಾಗರ್‌ಸ್ಟ್ರೋಮ್ ಪ್ರಶ್ನಾವಳಿಯಲ್ಲಿ 5 ನಿಮಿಷದೊಳಗೆ ಎಂದರೆ 3 ಅಂಕ, 6ರಿಂದ 30 ನಿಮಿಷ ಎಂದರೆ 2, 31ರಿಂದ 60 ಎಂದರೆ 1, ಆಮೇಲೆ ಎಂದರೆ ಸೊನ್ನೆ. ದಿನದ ಸಂಖ್ಯೆಗೂ ಹೀಗೆಯೇ: 10ರವರೆಗೆ ಸೊನ್ನೆ, 20ರವರೆಗೆ 1, 30ರವರೆಗೆ 2, ಅದಕ್ಕೂ ಮೀರಿದರೆ 3. ಪೂರ್ತಿ ಪ್ರಶ್ನಾವಳಿಯಲ್ಲಿ ಆರು ಪ್ರಶ್ನೆಗಳಿವೆ, ಆದರೆ ಈ ಎರಡೇ ಹೆಚ್ಚಿನದನ್ನು ಹೇಳಿಬಿಡುತ್ತವೆ. ಎರಡೂ ಸೇರಿ 4 ಅಥವಾ ಹೆಚ್ಚು ಬಂದರೆ ಬರೀ ಹಟದಿಂದ ಬಿಡಲು ಹೋಗಬೇಡಿ. ಔಷಧದ ನೆರವು ಪಡೆಯಿರಿ.

ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ ನಿಕೋಟಿನ್ ಪ್ಯಾಚ್ 21 ಮಿಲಿಗ್ರಾಂನಿಂದ ಶುರು: ಆರು ವಾರ ಅದು, ಆಮೇಲೆ ಎರಡು ವಾರ 14, ಕೊನೆಯ ಎರಡು ವಾರ 7. 10 ಅಥವಾ ಕಡಿಮೆ ಸೇದುವವರು 14ರಿಂದ ಶುರುಮಾಡಿ ಆರು ವಾರದ ಮೇಲೆ 7ಕ್ಕೆ ಇಳಿಯುತ್ತಾರೆ. ಪ್ಯಾಚನ್ನು ಬೆಳಿಗ್ಗೆ ಕೂದಲಿಲ್ಲದ ಒಣ ಚರ್ಮಕ್ಕೆ, ತೋಳಿಗೋ ಎದೆಗೋ, ಹತ್ತು ಸೆಕೆಂಡು ಒತ್ತಿ ಅಂಟಿಸಿ. ದಿನವೂ ಜಾಗ ಬದಲಿಸಿ, ಇಲ್ಲವಾದರೆ ಚರ್ಮ ಕೆಂಪಾಗಿ ತುರಿಸುತ್ತದೆ. ರಾತ್ರಿ ವಿಪರೀತ ಕನಸು ಬಿದ್ದರೆ ಮಲಗುವಾಗ ತೆಗೆದುಬಿಡಿ.

ಪ್ಯಾಚ್ ನಿಕೋಟಿನನ್ನು ನಿಧಾನವಾಗಿ, ಸಮನಾಗಿ ಕೊಡುತ್ತದೆ. ತಲಬು ಬರುವುದು ಅಲೆಯಂತೆ ಒಮ್ಮೆಲೇ. ಅದಕ್ಕೇ ಜೊತೆಗೆ ನಿಕೋಟಿನ್ ಗಮ್ ಇರಲಿ. ಎರಡೂ ಸೇರಿದಾಗ ಒಂದೇ ಇದ್ದಾಗಿಗಿಂತ ಹೆಚ್ಚು ಜನ ಬಿಡುತ್ತಾರೆಂಬುದಕ್ಕೆ ಗಟ್ಟಿ ಪುರಾವೆಯಿದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2.

ಗಮ್ ವಿಷಯದಲ್ಲಿ ಬಹಳ ಜನ ಎಡವುವುದು ಜಗಿಯುವುದರಲ್ಲಿ. ಮಾಮೂಲಿ ಚೂಯಿಂಗ್ ಗಮ್ ಹಾಗೆ ಒಂದೇ ಸಮನೆ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ಬಿಕ್ಕಳಿಕೆ, ಎದೆಯುರಿ ಬರುತ್ತವೆ. ಹೊಟ್ಟೆಯಿಂದ ಹೋದದ್ದರಲ್ಲಿ ಬಹುಪಾಲನ್ನು ಯಕೃತ್ತು ಮಿದುಳಿಗೆ ತಲುಪುವ ಮೊದಲೇ ಮುಗಿಸಿರುತ್ತದೆ. ನಿಧಾನವಾಗಿ ಜಗಿದು, ಖಾರದಂತೆ ಚುರುಚುರು ಅನ್ನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ತಗ್ಗಿದಾಗ ಮತ್ತೆ ಜಗಿಯಿರಿ. ಒಂದು ಗಮ್ ಸುಮಾರು ಅರ್ಧ ಗಂಟೆ ಬರಬೇಕು. ಕಾಫಿ, ಹಣ್ಣಿನ ರಸ, ಸೋಡಾ ಕುಡಿದ 15 ನಿಮಿಷ ಗಮ್ ಬೇಡ, ಏಕೆಂದರೆ ಬಾಯಿ ಆಮ್ಲೀಯವಾಗಿದ್ದರೆ ನಿಕೋಟಿನ್ ಒಳಚರ್ಮದಿಂದ ಹೀರಲ್ಪಡುವುದಿಲ್ಲ. ದಿನಕ್ಕೆ 24 ಮೀರಬಾರದು.

ಸೇದುವ ತಲಬು ತಗ್ಗಿಸುವ ವಾರೆನಿಕ್ಲಿನ್ ಮಾತ್ರೆ ವೈದ್ಯರ ಚೀಟಿಯಿಂದಲೇ. ಬಿಡುವ ದಿನಕ್ಕೆ ಒಂದು ವಾರ ಮೊದಲು ಶುರು: ಮೊದಲ ಮೂರು ದಿನ 0.5 ಮಿಲಿಗ್ರಾಂ ಒಂದು ಸಲ, 4ರಿಂದ 7ನೇ ದಿನ 0.5 ಎರಡು ಸಲ, 8ನೇ ದಿನದಿಂದ 1 ಮಿಲಿಗ್ರಾಂ ಎರಡು ಸಲ, ಒಟ್ಟು 12 ವಾರ. ಊಟವಾದ ಮೇಲೆ, ಲೋಟ ತುಂಬ ನೀರಿನ ಜೊತೆ ತೆಗೆದುಕೊಂಡರೆ ವಾಕರಿಕೆ ಬಹಳ ಕಡಿಮೆ.

ಇಲ್ಲಿ ವಂಶವಾಹಿಯ ಮಾತು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅದೂ ಡಿಎನ್‌ಎ ಪರೀಕ್ಷೆಯಿಲ್ಲದೆ. ಕೋಟಿನಿನ್ ಮತ್ತು ಅದರ ಮುಂದಿನ ರೂಪದ ಅನುಪಾತವನ್ನು ರಕ್ತದಲ್ಲಿ ಅಳೆದರೆ ಸಿವೈಪಿ2ಎ6 ಎಷ್ಟು ಚುರುಕು ಎಂದು ತಿಳಿಯುತ್ತದೆ. 1,246 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಿಣ್ವ ಮಾಮೂಲಿ ವೇಗದಲ್ಲಿದ್ದವರಿಗೆ ಪ್ಯಾಚಿಗಿಂತ ವಾರೆನಿಕ್ಲಿನ್ ಹೆಚ್ಚು ಫಲ ಕೊಟ್ಟಿತು. ನಿಧಾನದವರಿಗೆ ಎರಡೂ ಒಂದೇ. ಮಾತ್ರೆಯ ಅಡ್ಡಪರಿಣಾಮ ಮಾತ್ರ ಅವರಿಗೆ ಹೆಚ್ಚು. ಈ ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ. ಪ್ಯಾಚ್ ಸರಿಯಾಗಿ ಹಾಕಿಯೂ ಮೊದಲ ವಾರವೇ ತಡೆಯಲಾಗದಷ್ಟು ತಲಬು ಬಂದರೆ, ಔಷಧ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಸೋತೆವೆಂದು ಕೈಚೆಲ್ಲಬೇಡಿ.

ಪ್ರಶ್ನೆ: ಶ್ವಾಸಕೋಶದ ಕ್ಯಾನ್ಸರ್ ಕೂಡ ಜೀನ್‌ನಿಂದಲೇ ಬರುವುದಾದರೆ ಸಿಗರೇಟು ಬಿಟ್ಟು ಏನು ಪ್ರಯೋಜನ?

ಉತ್ತರ: ಈ ವಾದ ಹೊಸದಲ್ಲ. ಸಂಖ್ಯಾಶಾಸ್ತ್ರದ ದಿಗ್ಗಜ ರೊನಾಲ್ಡ್ ಫಿಶರ್ 1950ರ ದಶಕದ ಕೊನೆಯಲ್ಲಿ ಇದನ್ನೇ ಹೇಳಿದ್ದರು: ಒಂದೇ ಆನುವಂಶಿಕ ಗುಣ ಸೇದುವ ಆಸೆಯನ್ನೂ ಕ್ಯಾನ್ಸರನ್ನೂ ತರುತ್ತಿರಬಹುದು, ಹೊಗೆ ನಿರಪರಾಧಿಯಿರಬಹುದು ಎಂದು. ಪರೀಕ್ಷಿಸಿ ನೋಡಬಹುದಾದ ವಾದವಿದು; ಪರೀಕ್ಷೆಯೂ ಆಯಿತು. ಫಿನ್‌ಲ್ಯಾಂಡಿನ ಅವಳಿಗಳಲ್ಲಿ ಒಬ್ಬರು ಸೇದುವ, ಇನ್ನೊಬ್ಬರು ಸೇದದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಶ್ವಾಸಕೋಶದ ಕ್ಯಾನ್ಸರ್ ಬಂದದ್ದು ಸೇದುವವರಿಗೆ. ವಂಶವಾಹಿ ಒಂದೇ ಇದ್ದೂ ಗತಿ ಬೇರೆಯಾಯಿತು. ಸಿಎಚ್‌ಆರ್‌ಎನ್‌ಎ5 ಇರುವ ಪ್ರದೇಶಕ್ಕೂ ಈ ಕ್ಯಾನ್ಸರಿಗೂ ನಂಟಿದೆ ಎಂದು 2008ರಲ್ಲಿ ಕಂಡುಬಂದದ್ದು ನಿಜ. ಆದರೆ ಆ ಅಪಾಯದ ಮುಖ್ಯ ದಾರಿ ಹೊಗೆಯೇ: ಹೆಚ್ಚು ಸೇದುತ್ತಾರೆ, ಆಳವಾಗಿ ಎಳೆಯುತ್ತಾರೆ.

ಬಿಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ಅಧ್ಯಯನದ ಲೆಕ್ಕವಿದೆ. 60ನೇ ವಯಸ್ಸಿಗೆ ಬಿಟ್ಟವರಿಗೆ ಸುಮಾರು 3 ವರ್ಷ, 50ಕ್ಕೆ ಬಿಟ್ಟವರಿಗೆ 6, 40ಕ್ಕೆ 9, 30ಕ್ಕೆ 10 ವರ್ಷ ಆಯಸ್ಸು ಉಳಿಯಿತು.

ಪ್ರಶ್ನೆ: ಸಿಗರೇಟು ಡಿಎನ್‌ಎ ಮೇಲೆ ಗುರುತು ಬಿಡುತ್ತದೆ, ಅದನ್ನು ಎಪಿಜೆನೆಟಿಕ್ಸ್ ಅನ್ನುತ್ತಾರೆ ಎಂದು ಓದಿದೆ. ಬಿಟ್ಟ ಮೇಲೆ ಆ ಗುರುತು ಅಳಿಯುತ್ತದೆಯೇ?

ಉತ್ತರ: ಹೆಚ್ಚಿನವು ಅಳಿಯುತ್ತವೆ. ಡಿಎನ್‌ಎಯ ಅಕ್ಷರಗಳು ಬದಲಾಗದೆಯೇ, ಅವುಗಳ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಕೂರುವುದರಿಂದ ಅಥವಾ ಏಳುವುದರಿಂದ ವಂಶವಾಹಿಯೊಂದು ಎಷ್ಟು ಕೆಲಸ ಮಾಡಬೇಕೆಂಬುದು ಹೆಚ್ಚುಕಡಿಮೆಯಾಗುತ್ತದೆ. ಎಪಿಜೆನೆಟಿಕ್ ಗುರುತುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಇದೇ.

ಧೂಮಪಾನದ ಗುರುತು ಎಲ್ಲಕ್ಕಿಂತ ಸ್ಪಷ್ಟವಾಗಿ ಬೀಳುವುದು ಎಎಚ್‌ಆರ್‌ಆರ್ ಎಂಬ ವಂಶವಾಹಿಯ ಮೇಲೆ. ಹೊಗೆಯ ಟಾರಿನಲ್ಲಿರುವ ಹೈಡ್ರೋಕಾರ್ಬನ್‌ಗಳು ಜೀವಕೋಶದ ಒಂದು ಗ್ರಾಹಕವನ್ನು ಎಬ್ಬಿಸುತ್ತವೆ. ಆ ಗ್ರಾಹಕಕ್ಕೆ ಲಗಾಮು ಹಾಕುವುದು ಎಎಚ್‌ಆರ್‌ಆರ್ ಕೆಲಸ. ದಿನವೂ ಹೊಗೆ ಬರುತ್ತಿದ್ದರೆ ಲಗಾಮು ದಿನವೂ ಬೇಕು. ಹಾಗಾಗಿ ಅದರ ಮೇಲಿನ ಮಿಥೈಲ್ ಗುಂಪುಗಳು ಕಡಿಮೆಯಾಗುತ್ತವೆ. ಸಿಗರೇಟು ಹೆಚ್ಚಿದಷ್ಟೂ ಇಳಿತ ಹೆಚ್ಚು. ಕೋಟಿನಿನ್ ಪರೀಕ್ಷೆ ಕಳೆದ ಕೆಲವು ದಿನಗಳ ಕಥೆ ಮಾತ್ರ ಹೇಳಿದರೆ, ಈ ಗುರುತು ವರ್ಷಗಳದ್ದನ್ನು ಹೇಳುತ್ತದೆ.

ಸುಮಾರು 16,000 ಜನರ ರಕ್ತ ನೋಡಿದ 2016ರ ಅಧ್ಯಯನದಲ್ಲಿ ಸೇದುವವರಿಗೂ ಸೇದದವರಿಗೂ 7,000ಕ್ಕೂ ಹೆಚ್ಚು ವಂಶವಾಹಿಗಳಲ್ಲಿ ಮಿಥೈಲ್ ವ್ಯತ್ಯಾಸ ಕಂಡಿತು. ಬಿಟ್ಟ ಐದು ವರ್ಷದೊಳಗೆ ಹೆಚ್ಚಿನ ಜಾಗಗಳು ಎಂದೂ ಸೇದದವರ ಮಟ್ಟಕ್ಕೆ ಮರಳಿದ್ದವು. 19 ವಂಶವಾಹಿಗಳಲ್ಲಿ ಮಾತ್ರ 30 ವರ್ಷದ ಮೇಲೂ ಗುರುತು ಉಳಿದಿತ್ತು. ಈ ಗುರುತುಗಳು ಬಹುಪಾಲು ಸೇದಿದ್ದರ ಫಲ, ಸೇದುವ ಆಸೆಗೆ ಕಾರಣವಲ್ಲ. ಗುರುತು ಉಳಿದಿದೆ ಎಂದಮಾತ್ರಕ್ಕೆ ಚಟವೂ ಒಳಗೇ ಉಳಿದಿದೆ ಎಂದು ಹೆದರಬೇಡಿ. ಚಟದ ಜಾಗವಾದ ಮಿದುಳಿನಲ್ಲಿ, ಸೇದುವವರಲ್ಲಿ ಹೆಚ್ಚಾಗಿರುವ ನಿಕೋಟಿನ್ ಗ್ರಾಹಕಗಳ ಸಂಖ್ಯೆ ಬಿಟ್ಟ 6ರಿಂದ 12 ವಾರಗಳಲ್ಲಿ ಸೇದದವರ ಮಟ್ಟಕ್ಕೆ ಇಳಿಯುವುದನ್ನು ಸ್ಕ್ಯಾನ್‌ಗಳಲ್ಲಿ ನೋಡಲಾಗಿದೆ.

ಪ್ರಶ್ನೆ: ಮಗುವಿನ ಯೋಚನೆಯಲ್ಲಿದ್ದೇವೆ. ನಾವಿಬ್ಬರೂ ಸೇದುತ್ತೇವೆ. ಗರ್ಭ ನಿಂತ ಮೇಲೆ ಬಿಟ್ಟರೆ ಸಾಕೇ?

ಉತ್ತರ: ಈಗಲೇ ಬಿಡಿ, ಇಬ್ಬರೂ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಗಂಡಸರು ಕನಿಷ್ಠ ಮೂರು ತಿಂಗಳು ಮೊದಲೇ ಬಿಡುವುದು ಲೇಸು. ತಾಯಿಯ ಧೂಮಪಾನದ ಗುರುತು ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೇ ಕಾಣುತ್ತದೆ. 13 ಅಧ್ಯಯನಗಳ 6,685 ನವಜಾತ ಶಿಶುಗಳನ್ನು ಒಟ್ಟಿಗೆ ನೋಡಿದಾಗ ಅದೇ ಎಎಚ್‌ಆರ್‌ಆರ್ ಸೇರಿ ಸಾವಿರಾರು ಜಾಗಗಳಲ್ಲಿ ಬದಲಾವಣೆ ಸಿಕ್ಕಿತು. ಸಮಾಧಾನದ ಸಂಗತಿಯೂ ಇದೆ. ನಾರ್ವೆಯ ಅಧ್ಯಯನವೊಂದರಲ್ಲಿ ಈ ಗುರುತು ಇದ್ದದ್ದು ಗರ್ಭದುದ್ದಕ್ಕೂ ಸೇದಿದ ತಾಯಂದಿರ ಮಕ್ಕಳಲ್ಲಿ. ಆರಂಭದಲ್ಲೇ ಬಿಟ್ಟವರ ಮಕ್ಕಳಲ್ಲಿ ಅಲ್ಲ. ಈಗಾಗಲೇ ಗರ್ಭಿಣಿಯಾಗಿದ್ದು ಸೇದುತ್ತಿರುವವರಿಗೂ ಅದಕ್ಕೇ ನಮ್ಮ ಮಾತು: ತಡವಾಯಿತು ಎಂದುಕೊಳ್ಳಬೇಡಿ. ಗರ್ಭಾವಸ್ಥೆಯಲ್ಲಿ ನಿಕೋಟಿನ್ ಇನ್ನೂ ಬೇಗ ಕರಗುತ್ತದೆ, ತಲಬು ಜೋರಾಗುವುದು ನಿಮ್ಮ ತಪ್ಪಲ್ಲ. ಪ್ರಸೂತಿ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಪ್ರಶ್ನೆ: ಹದಿನೈದರ ಮಗ ಗೆಳೆಯರ ಜೊತೆ ಸೇದುತ್ತಿರುವುದು ಗೊತ್ತಾಯಿತು. ವಯಸ್ಸಿನ ಹುಚ್ಚು, ತಾನೇ ಬಿಡುತ್ತಾನೆ ಅನ್ನುತ್ತಾರೆ ನನ್ನವರು.

ಉತ್ತರ: ಬಿಟ್ಟು ನೋಡುವ ವಿಷಯ ಇದಲ್ಲ. ಆಲ್ಫಾ-5ರ ಮಂಕು ರೂಪದ ಪ್ರಭಾವ 16 ವರ್ಷಕ್ಕೆ ಮೊದಲು ಶುರುಮಾಡಿದವರಲ್ಲಿ ಹೆಚ್ಚು ಬಲವಾಗಿ ಕಾಣುತ್ತದೆ. ಅಪ್ಪನೋ ಅಮ್ಮನೋ ಹೆಚ್ಚು ಸೇದುವವರಾದರೆ ಇನ್ನೂ ಎಚ್ಚರ ಬೇಕು. ಇಲಿಗಳಲ್ಲಿ, ಮೊದಲು ಕೆಲವು ದಿನ ನಿಕೋಟಿನ್ ಕೊಟ್ಟರೆ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳು ಬದಲಾಗಿ, ಆಮೇಲೆ ಕೊಟ್ಟ ಕೊಕೇನಿಗೆ ಮಿದುಳು ಹೆಚ್ಚು ಜೋರಾಗಿ ಸ್ಪಂದಿಸಿದ್ದನ್ನು 2011ರಲ್ಲಿ ತೋರಿಸಿದ್ದಾರೆ. ಹೊಡೆತ, ಬೈಗುಳ ಬೇಡ. ದಿನವೂ ಸೇದಬೇಕೆನಿಸುತ್ತದೆಯೇ, ಸಿಗದಿದ್ದರೆ ಸಿಡಿಮಿಡಿಯಾಗುತ್ತದೆಯೇ ಎಂದು ನೇರವಾಗಿ ಕೇಳಿ. ಹೌದೆಂದರೆ ಮಕ್ಕಳ ವೈದ್ಯರ ಹತ್ತಿರ ಕರೆದೊಯ್ಯಿರಿ. ಮನೆಯಲ್ಲಿ ಸೇದುವವರಿದ್ದರೆ ಪ್ಯಾಕು ಮನೆಯೊಳಗೆ ಬರುವುದು ಇವತ್ತಿನಿಂದಲೇ ನಿಲ್ಲಲಿ.

ಪ್ರಶ್ನೆ: ಸಿಗರೇಟು ಬಿಟ್ಟು ಒಂದು ವಾರ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆಯಿಲ್ಲ. ಕಾಫಿ ಕುಡಿದ ಮೇಲಂತೂ ಜಾಸ್ತಿ. ನನ್ನ ದೇಹಕ್ಕೆ ನಿಕೋಟಿನ್ ಇಲ್ಲದೆ ಆಗುವುದೇ ಇಲ್ಲವೇನೋ?

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವಿದೆ, ಅದು ಕಾಫಿ. ಮೇಲೆ ಹೇಳಿದ ಹೊಗೆಯ ಹೈಡ್ರೋಕಾರ್ಬನ್‌ಗಳು ಅದೇ ಗ್ರಾಹಕದ ಮೂಲಕ ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಹೆಚ್ಚಿಸುತ್ತವೆ. ಕೆಫೀನನ್ನು ಕರಗಿಸುವುದು ಈ ಕಿಣ್ವವೇ. ಸೇದುತ್ತಿದ್ದಾಗ ನೀವು ಕುಡಿದ ಕಾಫಿ ಬೇಗ ಕರಗಿಹೋಗುತ್ತಿತ್ತು. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ಇಳಿಯಿತು, ಕಾಫಿ ಮಾತ್ರ ಅಷ್ಟೇ ಉಳಿಯಿತು. ಅದೇ ಲೋಟಗಳಿಂದ ಈಗ ರಕ್ತದಲ್ಲಿ ಎರಡರಷ್ಟು ಕೆಫೀನ್ ನಿಲ್ಲಬಹುದು. ನಡುಕ, ಎದೆಬಡಿತ, ನಿದ್ದೆಗೇಡು ಎಲ್ಲವೂ ನಿಕೋಟಿನ್ ಬಿಟ್ಟದ್ದರ ಲಕ್ಷಣವೆಂದೇ ತೋರಿ, ಎಷ್ಟೋ ಜನ ಇದೇ ಹಂತದಲ್ಲಿ ಮತ್ತೆ ಸಿಗರೇಟು ಹಚ್ಚುತ್ತಾರೆ.

ಕಾಫಿ, ಟೀ ಎರಡನ್ನೂ ಇವತ್ತಿನಿಂದ ಅರ್ಧಕ್ಕಿಳಿಸಿ, ಮಧ್ಯಾಹ್ನದ ಮೇಲೆ ಬೇಡ. ಪ್ಯಾಚ್ ಹಾಕಿಕೊಂಡಿದ್ದರೂ ಇದು ಅನ್ವಯಿಸುತ್ತದೆ, ಏಕೆಂದರೆ ಆ ಕಿಣ್ವವನ್ನು ಏರಿಸಿದ್ದು ನಿಕೋಟಿನ್ ಅಲ್ಲ, ಹೊಗೆ. ಮೂರುನಾಲ್ಕು ದಿನದಲ್ಲಿ ಎದೆಬಡಿತ ತಗ್ಗದಿದ್ದರೆ, ಅಥವಾ ಎದೆನೋವು ಬಂದರೆ ಕಾಯದೆ ವೈದ್ಯರಿಗೆ ತೋರಿಸಿ.

ಇದೇ ಕಿಣ್ವ ಕೆಲವು ಔಷಧಗಳನ್ನೂ ಕರಗಿಸುತ್ತದೆ: ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್. ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರು ಸಿಗರೇಟು ಬಿಡುವ ದಿನವನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಡೋಸ್ ಇಳಿಸದಿದ್ದರೆ ಔಷಧ ರಕ್ತದಲ್ಲಿ ಏರಿ ವಿಷವಾಗಬಹುದು. ಬಿಟ್ಟವರು ಮತ್ತೆ ಸೇದಲು ಶುರುಮಾಡಿದರೆ ಅದನ್ನೂ ಅಷ್ಟೇ ಬೇಗ ಹೇಳಬೇಕು, ಆಗ ಔಷಧ ರಕ್ತದಲ್ಲಿ ಕಡಿಮೆಯಾಗಿ ಕಾಯಿಲೆ ಮರುಕಳಿಸುವ ಅಪಾಯವಿರುತ್ತದೆ.